ರಾಮವರ್ಮ ಲೀಲಾವತಿ ಮತ್ತು ಒಂದು ಚೀಟಿ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಗೆಳೆಯರು ಕೇಳಿದಾಗ ನನಗೆ ನೆನಪಾದದ್ದು ಒಂಬತ್ತನೆಯ ತರಗತಿಯಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳಿದ ರೋಮಿಯೋ ಜೂಲಿಯೆಟ್ ಕಥೆ. ಇಟಲಿಯ ವೆರೋನಾ ಊರು, ಹಗೆ ಸಾಧಿಸುವ ಎರಡು ಮನೆತನ, ಹದಿನಾಲ್ಕೂ ತುಂಬದ ಹುಡುಗಿ. ಗುಟ್ಟಾಗಿ ಮದುವೆ ಮಾಡಿಸಿದ ಸನ್ಯಾಸಿ ಬರೆದ ಕಾಗದ ರೋಮಿಯೋಗೆ ತಲುಪುವುದಿಲ್ಲ. ಅದನ್ನು ಒಯ್ಯಬೇಕಾದವನನ್ನು ಪ್ಲೇಗಿನ ಅನುಮಾನದಿಂದ ಮನೆಯೊಂದರಲ್ಲಿ ಕೂಡಿಹಾಕಿರುತ್ತಾರೆ. ಅಷ್ಟರಿಂದಲೇ ಇಬ್ಬರೂ ಸಾಯುತ್ತಾರೆ. "ಬದುಕಿಸಬಹುದಿತ್ತಲ್ಲ ಸಾರ್" ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಮೇಷ್ಟ್ರು ನಕ್ಕು ಪಾಠ ಮುಂದುವರಿಸಿದರು.

ಹಾಗೆ ಬದುಕಿಸಿದವರು ಕನ್ನಡದಲ್ಲೇ ಇದ್ದರೆಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. 1597ರಲ್ಲಿ ಮೊದಲು ಅಚ್ಚಾದ ಷೇಕ್ಸ್‌ಪಿಯರನ ಆ ನಾಟಕವನ್ನು ಆನಂದರಾಯರು 1889ರಲ್ಲಿ 'ರಾಮವರ್ಮ ಲೀಲಾವತಿ' ಎಂದು ಕನ್ನಡಕ್ಕೆ ತಂದರು. ಹೆಸರು ನಮ್ಮದಾಯಿತು, ಕೊನೆಯೂ ನಮ್ಮದಾಯಿತು. ಸತ್ತ ಪ್ರೇಮಿಗಳು ದೇವರ ಕೃಪೆಯಿಂದ ಎದ್ದು ಕೂರುತ್ತಾರೆ. ಸಂಸ್ಕೃತ ನಾಟಕದ ಕಟ್ಟಳೆಯಲ್ಲಿ ಬೆಳೆದವರಿಗೆ ಮಂಗಳವಿಲ್ಲದೆ ಪರದೆ ಬೀಳಿಸುವುದು ಸಲ್ಲದ ಮಾತು. ನಾಯಕನ ಸಾವಿನಲ್ಲಿಯೇ ಮುಗಿಯುವ ರುದ್ರನಾಟಕವನ್ನು ಬಿ.ಎಂ.ಶ್ರೀಯವರು 'ಅಶ್ವತ್ಥಾಮನ್' ಮೂಲಕ ಗಟ್ಟಿಯಾಗಿ ಕೊಟ್ಟದ್ದು 1929ರಲ್ಲಿ, ನಲವತ್ತು ವರ್ಷ ಕಳೆದ ಮೇಲೆ.

ಆನಂದರಾಯರು ಮೂಲವನ್ನು ಕೆಡಿಸಿದರು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮೂರಲ್ಲಿ ಬೆಳಗಿನ ಜಾವದವರೆಗೆ ಚಾಪೆಯ ಮೇಲೆ ಕೂತು ನಾಟಕ ನೋಡಿ, ಮಂಗಳಾರತಿ ಆದ ಮೇಲೇ ಮಗುವನ್ನು ಎತ್ತಿಕೊಂಡು ಏಳುತ್ತಿದ್ದ ಹೆಂಗಸರನ್ನು ನಾನು ಕಂಡವನು.

ಆ ಪುಸ್ತಕ ಬಂದಾಗ ಕೊಳ್ಳೇಗಾಲ ಮೈಸೂರಿನದಾಗಿರಲಿಲ್ಲ. ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಾವು ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಆದರೆ ಇಂಥ ಪ್ರೇಮಕ್ಕೆ ನಮ್ಮ ಸೀಮೆ ಪುಸ್ತಕಕ್ಕಾಗಿ ಕಾಯಬೇಕಾಗಿರಲಿಲ್ಲ. ಬಿಳಿಗಿರಿರಂಗ ಸೋಲಿಗರ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದ ಕಥೆಯನ್ನು ನಮ್ಮವರು ಹಾಡಿಕೊಂಡು ಬಂದಿದ್ದಾರೆ. ಸೋಲಿಗರಿಗೆ ರಂಗ ಇವತ್ತಿಗೂ ಭಾವ. ದೇವರು ಕುಲ ನೋಡದೆ ಹೆಣ್ಣು ತಂದರೆ ಪದ ಕಟ್ಟುತ್ತೇವೆ. ಮನೆಯ ಮಗಳು ಇನ್ನೊಂದು ಕೇರಿಯ ಕಡೆ ನೋಡಿದರೆ ಏನು ಮಾಡುತ್ತೇವೆಂಬುದು ಓದುವವರಿಗೆಲ್ಲ ಗೊತ್ತು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ, ಮಾತುಕತೆಯಿಲ್ಲದ ಎರಡು ಮನೆಗಳ ಹುಡುಗ ಹುಡುಗಿ ಇದೇ ಶಾಲೆಯಲ್ಲಿ ಓದುತ್ತಿದ್ದರು. ಒಂದು ಸಂಜೆ ಹುಡುಗ ನನ್ನ ಕೈಗೆ ಚೀಟಿ ಕೊಟ್ಟು, ಅವಳಿಗೆ ಮುಟ್ಟಿಸು ಅಂದ. ನನಗೆ ಪ್ಲೇಗೂ ಇರಲಿಲ್ಲ, ಯಾರೂ ಕೂಡಿಹಾಕಿಯೂ ಇರಲಿಲ್ಲ. ಅಪ್ಪನಿಗೆ ಗೊತ್ತಾದರೆ ಎಂಬ ಹೆದರಿಕೆ ಅಷ್ಟೆ. ಗಣಿತದ ಪುಸ್ತಕದ ರಟ್ಟಿನೊಳಗೆ ಸೇರಿಸಿಟ್ಟೆ. ಕೊಟ್ಟೆಯಾ ಎಂದು ಕೇಳಿದಾಗ ಹೂಂ ಅಂದೆ. ಅವಳಿಂದ ಉತ್ತರ ಬರಲಿಲ್ಲವೆಂದು ಅವನು ಒಂದು ವಾರ ಊಟ ಬಿಟ್ಟಿದ್ದ. ದಸರಾ ರಜೆ ಮುಗಿದಾಗ ಅವಳು ಶಾಲೆಗೆ ಬರಲಿಲ್ಲ; ದೂರದ ಊರಿಗೆ ಮದುವೆ ಮಾಡಿ ಕಳಿಸಿದ್ದರು.

ಯಾರೂ ಸಾಯಲಿಲ್ಲ. ಇಬ್ಬರಿಗೂ ಈಗ ಮೊಮ್ಮಕ್ಕಳಿದ್ದಾರೆಂದು ಕೇಳಿದ್ದೇನೆ. ಈ ಸಂಚಿಕೆ ಹಳೆಯ ವಿದ್ಯಾರ್ಥಿಗಳಿಗೆಲ್ಲ ಹೋಗುತ್ತದಂತೆ, ಅವರ ಕೈಗೂ ಸಿಕ್ಕೀತು. ಚೀಟಿಯನ್ನು ನಾನು ಅವತ್ತೂ ಬಿಡಿಸಿ ಓದಲಿಲ್ಲ. ಅದು ಅವಳಿಗೆ ಮುಟ್ಟಲಿಲ್ಲ ಎಂಬುದನ್ನು ಮಾತ್ರ ಇಲ್ಲಿ ಬರೆದಿದ್ದೇನೆ.