ಅವ್ವನ ಏಳು ಗಂಟು

ಕಮಲಾಪುರದ ನಮ್ಮ ತವರುಮನೆಯ ಮಣ್ಣಿನ ಮಾಳಿಗೆ ಹೋದ ಮಳೆಗಾಲದಲ್ಲಿ ಮೂರು ಕಡೆ ಸೋರಿತು. ಅದನ್ನು ಇಳಿಸಿ ಸ್ಲ್ಯಾಬು ಹಾಕಿಸುವುದೆಂದು ಅಣ್ಣ ನಿಶ್ಚಯಿಸಿದ. ಫೋನು ಮಾಡಿ, 'ತಂಗೀ, ಅಟ್ಟದ ಮ್ಯಾಲ ಅವ್ವನ ಗಂಟು ಹಾಂಗೇ ಅವ. ನೀನೇ ಬಂದು ಏನರೆ ಮಾಡು. ನನಗ ಕೈ ಹಚ್ಚಲಾಕ ಮನಸ್ಸಾಗವಲ್ದು' ಎಂದ. ಅವ್ವ ಹೋಗಿ ಮೂರು ವರ್ಷವಾಗಿತ್ತು.

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಬಸ್ಸಿಗೆ ಒಂದು ತಾಸಿನ ದಾರಿ. ಶನಿವಾರ ಶಾಲೆ ಬಿಟ್ಟವಳೇ ಹೊರಟೆ. ಅಟ್ಟದಿಂದ ಇಳಿಸಿದರೆ ಏಳು ಗಂಟು! ಎಲ್ಲವೂ ಕೌದಿಗೆಂದು ಅವ್ವ ಕೂಡಿಸಿಟ್ಟ ಹಳೆಯ ಬಟ್ಟೆ. ನಡುನಡುವೆ ಒಣಗಿದ ಬೇವಿನ ಎಲೆ. ನನ್ನ ಮನೆ ಎರಡು ಕೋಣೆಯದು. ಬೆಂಗಳೂರಿನ ಮಗಳಂತೂ, 'ಮಮ್ಮಿ, ಒಂದು ವರ್ಷ ಬಳಸದ ಸಾಮಾನು ಮನೆಯಲ್ಲಿ ಇರಬಾರದು' ಎಂದು ಮೊದಲೇ ಎಚ್ಚರಿಸಿದ್ದಳು. ಆ ಲೆಕ್ಕದಲ್ಲಿ ನಮ್ಮಂಥವರೂ ಮನೆಯಲ್ಲಿ ಇರುವ ಹಾಗಿಲ್ಲ.

ಬಣ್ಣ ನೋಡಿ ವಿಂಗಡಿಸಲು ಕುಳಿತೆ. ಅರ್ಧ ದಿನ ಕಳೆದ ಮೇಲೆ ಹೊಳೆಯಿತು, ಅವ್ವ ಆಗಲೇ ವಿಂಗಡಿಸಿ ಇಟ್ಟಿದ್ದಾಳೆ. ಆದರೆ ಅವಳು ನೋಡಿದ್ದು ಬಣ್ಣವನ್ನಲ್ಲ, ಬಟ್ಟೆಯ ಜೀವವನ್ನು. ಬಟ್ಟೆಯನ್ನು ಬೆಳಕಿಗೆ ಹಿಡಿದು, ಎರಡು ಹೆಬ್ಬೆರಳಿನಿಂದ ಜಗ್ಗಿ ನೋಡುತ್ತಿದ್ದಳು. ಜಗ್ಗಿದರೆ ತಾಳುವುದು ಮೇಲಿನ ತ್ಯಾಪಿಗೆ. ಪರ್ರೆಂದು ಹರಿಯುವಷ್ಟು ಜೀರ್ಣವಾದದ್ದು ಒಳಗಿನ ಪದರಕ್ಕೆ, ಅದರಷ್ಟು ಮೆತ್ತಗಿನ ಬಟ್ಟೆ ಇನ್ನೊಂದಿಲ್ಲ. ಇಡಿಯಾಗಿ ಉಳಿದ ಸೀರೆ ಅಡಿಗೆ. ಸೀರೆಯ ದಡಿಗಳೆಲ್ಲ ಸುರುಳಿ ಸುತ್ತಿ ಬೇರೆ, ಕೌದಿಯ ಅಂಚಿಗೆ ಅವೇ ಆಗಬೇಕು. ನೈಲಾನು, ಟೆರಿಲಿನ್ನುಗಳದು ಒಂದು ಪ್ರತ್ಯೇಕ ಗಂಟು, ಗಂಟಿನ ಗಂಟು ಬಿಚ್ಚಿದ ಗುರುತೇ ಇರಲಿಲ್ಲ. ಅವು ಬೆವರು ಹೀರುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ. ಕಲಬುರಗಿಯ ಬಿಸಿಲಿನಲ್ಲಿ ಅವುಗಳ ಮೇಲೆ ಮಲಗಿ ನೋಡಿ, ಗೊತ್ತಾಗುತ್ತದೆ.

ನಾನು ಇತಿಹಾಸ ಪಾಠ ಮಾಡುವವಳು. 1347ರಲ್ಲಿ ಹಸನ್ ಗಂಗು ಕಲಬುರಗಿಯಲ್ಲಿ ಬಹಮನಿ ರಾಜ್ಯ ಸ್ಥಾಪಿಸಿದ್ದನ್ನು ವರ್ಷ ವರ್ಷವೂ ಹೇಳುತ್ತೇನೆ. ಆ ದಿನ ಗಂಟು ಬಿಚ್ಚುತ್ತ ನನ್ನ ಮನೆಯ ಇತಿಹಾಸ ಎಷ್ಟು ಕಡಿಮೆ ಓದಿದ್ದೇನೆಂದು ನಾಚಿಕೆಯಾಯಿತು. ಅಜ್ಜನ ಧೋತರದ ಒಂದು ಹಾಸು ಇತ್ತು, ಎಂ.ಎಸ್.ಕೆ. ಗಿರಣಿಯದು ಎಂದು ಅವ್ವ ಹೇಳುತ್ತಿದ್ದಳು. ಆರನೆಯ ನಿಜಾಮ ಮೀರ್ ಮೆಹಬೂಬ್ ಅಲಿ ಖಾನರ ಹೆಸರು ಹೊತ್ತು 19ನೆಯ ಶತಮಾನದ ಕೊನೆಯಲ್ಲಿ ಶುರುವಾದ ಗಿರಣಿ ಅದು. ನಾನು ಚಿಕ್ಕವಳಿದ್ದಾಗ ಅದರ ಭೋಂಗಾ ಕೇಳಿ ಊರು ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು. ಗಿರಣಿ ಮುಚ್ಚಿತು, ಈಗ ಬಡಾವಣೆಯ ಹೆಸರಿನಲ್ಲಿ ಉಳಿದಿದೆ. ಇನ್ನೊಂದು ದಪ್ಪ, ಒರಟು ಬಿಳಿ ತುಂಡು 'ಕಂಟ್ರೋಲ್' ಬಟ್ಟೆ. ಮಹಾಯುದ್ಧದಲ್ಲಿ ಬಟ್ಟೆಗೆ ಬರ ಬಂದು, ಬ್ರಿಟಿಷ್ ಸರಕಾರ 1943ರಲ್ಲಿ ಹತ್ತಿಬಟ್ಟೆಗೆ ನಿಯಂತ್ರಣ ಹಾಕಿತ್ತು. ಸ್ವಾತಂತ್ರ್ಯದ ನಂತರ, 1964ರಿಂದ, ಬಡವರಿಗೆಂದು ಅಗ್ಗದ ಬಟ್ಟೆ ನೇಯಬೇಕೆಂದು ಸರಕಾರವೇ ಗಿರಣಿಗಳಿಗೆ ಕಟ್ಟುಮಾಡಿತು. ನಮ್ಮ ತುಂಡು ಈ ಎರಡನೆಯ ಕಾಲದ್ದಿರಬೇಕು. ಅವ್ವನ ಚೊಚ್ಚಲು ಬಸಿರಿನ ಇಳಕಲ್ಲ ಸೀರೆಯ ಸೆರಗು, ಗುಳೇದಗುಡ್ಡದ ಖಣದ ಕುಬಸದ ತೋಳು, ನನ್ನ ಶಾಲೆಯ ನೀಲಿ ಪರಕಾರ, ಎಲ್ಲ ಅಲ್ಲಿದ್ದವು.

ಒಂದು ಮಾತ್ರ ಇರಲಿಲ್ಲ. ಅದು ಏಕೆ ಇರಲಿಲ್ಲ ಎನ್ನುವುದು ನನಗೊಬ್ಬಳಿಗೇ ಗೊತ್ತು.

1948ರ ರಜಾಕಾರರ ಗಲಾಟೆಯಲ್ಲಿ ನಮ್ಮ ಕಡೆಯ ಎಷ್ಟೋ ಕುಟುಂಬಗಳು ನಿಜಾಮನ ಸೀಮೆ ದಾಟಿ ಸೊಲ್ಲಾಪುರದ ಕಡೆ ಹೋದವು. ನಮ್ಮ ಆಯಿಯೂ ಹೋದಳು. ಜೋಳದ ಹಿಟ್ಟು, ಎರಡು ತಾಮ್ರದ ತಂಬಿಗೆ, ಬೆಳ್ಳಿಯ ಕಾಲುಂಗುರ, ಎಲ್ಲವನ್ನೂ ಹಾಸಿಗೆಯ ಕೌದಿಯಲ್ಲೇ ಸುತ್ತಿ ತಲೆಯ ಮೇಲೆ ಹೊತ್ತಿದ್ದಳಂತೆ. ಸಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ ಅದೇ ಕೌದಿ ಹೊತ್ತು ತಿರುಗಿ ಬಂದಳು. ಅದು ಹರಿದು ಚಿಂದಿಯಾದಾಗ ಅವ್ವ ಮಡಚಿ ಇಟ್ಟಿದ್ದಳು, ಮುಂದೆ ಹೊಸದರ ಹೊಟ್ಟೆಯೊಳಗೆ ಇಟ್ಟು ಹೊಲಿಯಬೇಕೆಂದು. ಹಳೆಯ ಕೌದಿ ಹೊಸ ಕೌದಿಗೆ ಒಳಪದರವಾಗುವುದು ನಮ್ಮಲ್ಲಿ ರೂಢಿ. 1994ರ ದೀಪಾವಳಿಗೆ ಸುಣ್ಣ ಬಳಿಯಲು ತವರಿಗೆ ಹೋಗಿದ್ದೆ. ಹಳೆ ಬಟ್ಟೆಗೆ ಭಾಂಡೆ ಕೊಡುವಾಕೆ ಓಣಿಯಲ್ಲಿ ಕೂಗುತ್ತ ಬಂದಳು. ಬಿ.ಎಡ್. ಮುಗಿಸಿ ನೌಕರಿ ಹಿಡಿದ ಹೊಸ ಉಮೇದು, ಮನೆ ಚೊಕ್ಕಟ ಇರಬೇಕೆಂಬ ಹಟ. ಆ ಗಂಟು ಕೊಟ್ಟು ಒಂದು ಸ್ಟೀಲಿನ ಡಬರಿ ತೆಗೆದುಕೊಂಡೆ. ಅವ್ವ ಹೊಲದಿಂದ ಬಂದು, ಬಿಚ್ಚಿ ಬಿದ್ದ ಕಟ್ಟು ನೋಡಿದಳು. ಬಹಳ ಹೊತ್ತು ಸುಮ್ಮನಿದ್ದು, 'ಇರಲಿ ಬಿಡು, ಡಬರಿ ಗಟ್ಟಿ ಅದ' ಎಂದಳು. ಆ ಡಬರಿ ಈಗಲೂ ನನ್ನ ಅಡಿಗೆಮನೆಯಲ್ಲಿದೆ. ಹಾಗೆ ಹೋದ ಬಟ್ಟೆ ಕೈ ಬದಲಾಗಿ ಎಲ್ಲೆಲ್ಲಿಗೋ ಹೋಗುತ್ತದೆ. ಪಾಣಿಪತ್ತಿನ ಗಿರಣಿಗಳಲ್ಲಿ ಹಳೆ ಬಟ್ಟೆ ಚೂರುಚೂರಾಗಿ ಮತ್ತೆ ನೂಲಾಗುತ್ತದೆ ಎಂದು ಓದಿದಾಗಲೆಲ್ಲ ಆಯಿಯ ಕೌದಿ ನೆನಪಾಗುತ್ತದೆ.

ನಮ್ಮ ವಚನಕಾರರ ಪಟ್ಟಿಯಲ್ಲಿ ನೇಯುವ ಜೇಡರ ದಾಸಿಮಯ್ಯ, ನೂಲುವ ಕದಿರ ರೆಮ್ಮವ್ವೆ, ಹೆಸರಲ್ಲೇ ಸೂಜಿ ಹೊತ್ತ ಸೂಜಿಕಾಯಕದ ರಾಮಿತಂದೆ, ಮೂವರೂ ಇದ್ದಾರೆ. ಹರಿದದ್ದನ್ನು ಕೂಡಿಸಿದ ಹೆಂಗಸರ ಹೆಸರು ಯಾರು ಬರೆದಿಟ್ಟರು? ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯೂ ನಮ್ಮ ಕೌದಿಯ ಅಕ್ಕತಂಗಿಯೇ. ನಾಲ್ಕು ಮೂಲೆಗೆ ಅವರು 'ಫುಲ' ಎಂಬ ತ್ರಿಕೋನದ ತುಂಡು ಇಡದಿದ್ದರೆ ಕವಂದಿ ಬೆತ್ತಲೆ ಎನ್ನುತ್ತಾರೆ. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿ ಇದೆ. ಗುಲಾಮರಾಗಿ ದುಡಿದವರ ವಂಶದ ಹೆಂಗಸರು ಅಲ್ಲಿ ಹೊಲದ ಅಂಗಿ, ಪ್ಯಾಂಟಿನ ಚಿಂದಿಯಿಂದ ಹೊಲಿದ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆ ಏರಿದವು, ಹೊಲಿದವರ ಹೆಸರಿನೊಡನೆ.

ನಾನು ಮಾಡಿದ್ದಿಷ್ಟು. ನೈಲಾನಿನ ಗಂಟನ್ನು ಮನೆ ಕೆಡವಲು ಬಂದ ಕೂಲಿಯವರು ಮೂಟೆ ಕಟ್ಟಲು ಬೇಕೆಂದರು, ಕೊಟ್ಟೆ. ಇಲಿ ಕಡಿದ ಒಂದು ಗಂಟನ್ನು ಕಣ್ಣು ಮುಚ್ಚಿ ತೆಗೆದೆ. ಉಳಿದ ಐದನ್ನು ಅವ್ವನ ಲೆಕ್ಕದಂತೆಯೇ ಬೇರೆ ಬೇರೆ ಕಟ್ಟಿ ಕಲಬುರಗಿಗೆ ತಂದೆ, ಕಂಡಕ್ಟರನ ಗೊಣಗಾಟ ಕೇಳುತ್ತ. ಗುರುತು ಹತ್ತಿದ ಒಂದೊಂದು ತುಂಡಿಗೂ ಚೀಟಿ ಬರೆದು ಗುಂಡುಸೂಜಿ ಚುಚ್ಚಿದೆ, ಯಾರದು, ಯಾವ ಕಾಲದ್ದು ಎಂದು. ಹನ್ನೊಂದು ಚೀಟಿಗೆ ನನ್ನ ತಿಳುವಳಿಕೆ ಮುಗಿಯಿತು. ಮಿಕ್ಕ ನೂರಾರು ತುಂಡುಗಳ ಬಗ್ಗೆ ಕೇಳಲು ಅವ್ವ ಇದ್ದಾಗ ನನಗೆ ಪುರಸೊತ್ತು ಇರಲಿಲ್ಲ.

ಗೊಂದಳಿಗರ ಹೆಣ್ಣುಮಗಳೊಬ್ಬಳು ಇಂದಿಗೂ ಕೌದಿ ಹೊಲಿಯುತ್ತಾಳೆಂದು ತಿಳಿದು ಕರೆಸಿದೆ. ಪಡಸಾಲೆಯಲ್ಲಿ ಅಡಿಯ ಸೀರೆ ಹಾಸಿ, ಮೇಲೆ ಪದರು ಹರವಿ, ಅಂಚಿನಿಂದ ಸೂಜಿ ಹಾಕಲು ಕುಳಿತಳು. ಅಜ್ಜನ ಧೋತರ ಎತ್ತಿದವಳು ಚೀಟಿ ನೋಡಿ ನಕ್ಕಳು.

'ಇವು ತೆಗೀರಿ ಅಕ್ಕೋರೆ, ಸೂಜಿ ಹಾಯಂಗಿಲ್ಲ.'

ಚೀಟಿಗಳನ್ನು ತೆಗೆದು ನೋಟುಬುಕ್ಕಿನಲ್ಲಿ ಅಂಟಿಸಿದೆ. ಹನ್ನೆರಡನೆಯದನ್ನು ಬರೆದು ಅಂಟಿಸಿದೆ: 'ಆಯಿಯ ಕೌದಿ, 1948. ಡಬರಿಗೆ ಕೊಟ್ಟದ್ದು ನಾನು.'