ಬಾಯಾರಿದವರಿಗೆ ದೇವರ ಆಮಂತ್ರಣ: ಕಲಬುರಗಿಯ ಅರವಟಿಗೆ ಮತ್ತು ಯೆಶಾಯನ ಕರೆ

ಕರಾವಳಿಯ ನಮಗೆ ಬಾಯಾರಿಕೆಯ ಕಷ್ಟ ಅಷ್ಟಾಗಿ ತಿಳಿಯದು. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅಂಗಳದಲ್ಲೇ ಬಾವಿ. ಕಲಬುರಗಿಯಲ್ಲಿ ಬೀಳುವ ಮಳೆ ಸುಮಾರು 750 ಮಿಲಿಮೀಟರ್. ಬೇಸಿಗೆಯ ಬಿಸಿಲು 42 ಡಿಗ್ರಿ ದಾಟುವುದುಂಟು. ಆಗ ನಗರದ ರಸ್ತೆ ಬದಿಗಳಲ್ಲಿ ಅರವಟಿಗೆಗಳು ತೆರೆಯುತ್ತವೆ: ಮೇಲೊಂದು ಚಪ್ಪರ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಗಳು, ಒಂದೆರಡು ಲೋಟ. ಹುಮನಾಬಾದ್ ರಸ್ತೆಯ ಕಮಲಾಪುರಕ್ಕೆ ಹೊರಟ ಪ್ರಯಾಣಿಕನೂ ಕೂಲಿ ಮುಗಿಸಿ ಬಂದವಳೂ ಕುಡಿದು ಹೋಗುತ್ತಾರೆ. ಯಾವ ಊರು, ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ. ದುಡ್ಡೂ ಕೊಡಬೇಕಿಲ್ಲ.

ಪ್ರವಾದಿ ಯೆಶಾಯನ ಗ್ರಂಥದ 55ನೇ ಅಧ್ಯಾಯ ಓದುವಾಗ ಈ ಅರವಟಿಗೆ ನೆನಪಾಗುತ್ತದೆ. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಬಾಬಿಲೋನಿನಲ್ಲಿ ಸೆರೆಯಾಗಿದ್ದ ಇಸ್ರಯೇಲರಿಗೆ ನೀಡಿದ ಕರೆ ಅದು. ಪೇಟೆಯಲ್ಲಿ ನೀರು ಮಾರುವವನು ಕೂಗುವ ಹಾಗೆಯೇ ದೇವರು ಕೂಗಿ ಕರೆಯುತ್ತಾರೆ. ಆದರೆ ಹಣವಿಲ್ಲದವರೂ ಬರಬೇಕು. ನೀರಷ್ಟೇ ಅಲ್ಲ, ದ್ರಾಕ್ಷಾರಸವೂ ಹಾಲೂ ಬೆಲೆಯಿಲ್ಲದೆ ಸಿಗುತ್ತವೆ. ಅದೇ ಅಧ್ಯಾಯದ ಮುಂದಿನ ಭಾಗದಲ್ಲಿ ದೇವರ ವಾಕ್ಯವನ್ನು ನೆಲ ತೋಯಿಸಿ ಬೆಳೆ ಕೊಡುವ ಮಳೆಗೆ ಹೋಲಿಸಲಾಗಿದೆ. ಕಮಲಾಪುರದ ರೈತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆ ಊರಿನ ಕೆಂಪು ಬಾಳೆ ಹೆಸರುವಾಸಿ. ಸುತ್ತಲೂ ಮಳೆಯನ್ನೇ ನಂಬಿದ ತೊಗರಿ ಹೊಲ, ನೀರು ತಲುಪಿದ ಕಡೆ ಮಾತ್ರ ಬಾಳೆಯ ತೋಟ.

ಹೊಸ ಒಡಂಬಡಿಕೆಯಲ್ಲಿ ಈ ಕರೆಗೆ ಇನ್ನೊಂದು ಆಳವಿದೆ. ಸಂತ ಯೊವಾನ್ನರ ಶುಭಸಂದೇಶದ 4ನೇ ಅಧ್ಯಾಯದಲ್ಲಿ ಮೊದಲು ನೀರು ಬೇಡುವವರು ಪ್ರಭು ಯೇಸುವೇ. ನಡುಮಧ್ಯಾಹ್ನ, ಯಕೋಬನ ಬಾವಿಯ ಬಳಿ, ಯೆಹೂದ್ಯರು ಹೊಕ್ಕುಬಳಕೆ ಇಟ್ಟುಕೊಳ್ಳದ ಸಮಾರ್ಯದ ಒಬ್ಬ ಸ್ತ್ರೀಯ ಮುಂದೆ ಅವರು ಕೈಯೊಡ್ಡುತ್ತಾರೆ. ಕೊನೆಗೆ ಅವರು ನೀರು ಕುಡಿದರೋ ಇಲ್ಲವೋ, ಯೊವಾನ್ನರು ಬರೆದಿಲ್ಲ. ಅವಳು ಮಾತ್ರ ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಹೋದಳು. 7ನೇ ಅಧ್ಯಾಯದಲ್ಲಿ, ಪರ್ಣಕುಟೀರಗಳ ಹಬ್ಬದ ಕೊನೆಯ ದಿನ, ಬಾಯಾರಿದವರು ತಮ್ಮ ಬಳಿಗೆ ಬರಲಿ ಎಂದು ಯೇಸು ಕೂಗಿ ಹೇಳುತ್ತಾರೆ. 19ನೇ ಅಧ್ಯಾಯದಲ್ಲಿ ಶಿಲುಬೆಯ ಮೇಲೆ ಅವರಿಗೇ ದಾಹ. ಮದರ್ ತೆರೇಸಾರ ಸಭೆಯ ಪ್ರಾರ್ಥನಾ ಮಂದಿರಗಳಲ್ಲಿ ಶಿಲುಬೆಯ ಪಕ್ಕ ಬರೆದಿರುವುದು ದಾಹದ ಆ ಮಾತನ್ನೇ. ನಮ್ಮ ಪ್ರಾರ್ಥನೆ ಎಂದರೆ ದೇವರ ದಾಹವೂ ನಮ್ಮ ದಾಹವೂ ಸಂಧಿಸುವುದು ಎಂದು ಕಥೋಲಿಕ ಧರ್ಮೋಪದೇಶ (2560) ಬೋಧಿಸುತ್ತದೆ.

ಆರಾಧನಾ ವಿಧಿಯಲ್ಲೂ ಈ ಆಮಂತ್ರಣಕ್ಕೆ ಮುಖ್ಯ ಸ್ಥಾನವಿದೆ. ಪಾಸ್ಖ ಜಾಗರಣೆಯ ಐದನೇ ವಾಚನ ಯೆಶಾಯ 55. 'ಎ' ವರ್ಷದ ತಪಸ್ಸುಕಾಲದ ಮೂರನೇ ಭಾನುವಾರ ಸಮಾರ್ಯದ ಸ್ತ್ರೀಯ ವೃತ್ತಾಂತ. ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರ ಮೊದಲ ಪರಿಶೋಧನಾ ವಿಧಿ ನಡೆಯುವುದೂ ಅಂದೇ.

2005ರಲ್ಲಿ ಗುಲ್ಬರ್ಗಾ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಅದರ ಮೊದಲ ಧರ್ಮಾಧ್ಯಕ್ಷರಾದ ಪರಮಪೂಜ್ಯ ರಾಬರ್ಟ್ ಮೈಕಲ್ ಮಿರಾಂದಾ ಅವರು ಹೋದದ್ದು ಮಂಗಳೂರು ಧರ್ಮಪ್ರಾಂತ್ಯದಿಂದ. (ನಗರದ ಹೆಸರು ಕಲಬುರಗಿ ಎಂದು ಬದಲಾದದ್ದು 2014ರಲ್ಲಿ.) ಕೊಡುವುದಕ್ಕೆಂದು ಕರಾವಳಿಯಿಂದ ಆ ಕಡೆಗೆ ಹೋಗುವವರು ಆ ಬಿಸಿಲಿನಲ್ಲಿ ಮೊದಲು ಯಾರದೋ ಮನೆಯ ನೀರು ಕುಡಿಯಬೇಕಾಗುತ್ತದೆ. ಸಮಾರ್ಯದ ಬಾವಿಯ ಬಳಿಯೂ ಹಾಗೆಯೇ ಆರಂಭವಾಯಿತು.

ಇನ್ನು ನಮ್ಮ ಧರ್ಮಕೇಂದ್ರಗಳ ಕಚೇರಿಗಳ ಮಾತು. ಎಷ್ಟೋ ವರ್ಷ ಪಾಪನಿವೇದನೆ ಮಾಡದ ಒಬ್ಬರು ಒಂದು ಪ್ರಮಾಣಪತ್ರದ ನೆಪದಲ್ಲಿ ಬಾಗಿಲಿಗೆ ಬರುತ್ತಾರೆ. ನಾವು ಕೇಳುವ ಮೊದಲ ಪ್ರಶ್ನೆ ವಂತಿಗೆ ಬಾಕಿಯದು. ನಾನೂ ಹಾಗೆ ಕೇಳಿದ್ದೇನೆ. ಆತ ಬಾಕಿ ತೀರಿಸಿ ಹೋದ, ಮತ್ತೆ ಬರಲಿಲ್ಲ. ಬಡತನದ ಕಾರಣಕ್ಕೆ ಯಾರೂ ಸಂಸ್ಕಾರಗಳಿಂದ ವಂಚಿತರಾಗದಂತೆ ನೋಡಿಕೊಳ್ಳಬೇಕೆಂದು ಧರ್ಮಸಭೆಯ ಕಾನೂನು ಸಂಹಿತೆಯ 848ನೇ ನಿಯಮ ವಿಧಿಸಿದೆ. ಲೆಕ್ಕದ ಪುಸ್ತಕ ಬೇಡವೆಂದಲ್ಲ. ಬಂದವರನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಮನೆಯವರ ಕ್ಷೇಮ ವಿಚಾರಿಸಿದ ಮೇಲೂ ಅದನ್ನು ತೆರೆಯಬಹುದು.