ಕಡಲು, ಸಿಡಿಲು, ಸಂವೇಗ: ಇಂಗ್ಲಿಷಿನ ಕೆಲವು ಭಾವಪದಗಳ ಚರಿತ್ರೆ

ಮನಸ್ಸು ತನ್ನ ಹತೋಟಿ ಮೀರಿದ ಅನುಭವಕ್ಕೆ ಸಿಲುಕಿ ತತ್ತರಿಸುವುದನ್ನು ಹೇಳಲು ಇಂಗ್ಲಿಷಿನಲ್ಲಿ ಪದಗಳು ಹಲವು. ಓವರ್‌ವೆಲ್ಮ್, ಅಸ್ಟಾನಿಷ್, ಅಮೇಝ್, ಸ್ವಾಂಪ್ ಮೊದಲಾದವು ಇಂದು ಪತ್ರಿಕೆ, ಜಾಹೀರಾತು ಮತ್ತು ದಿನನಿತ್ಯದ ಮಾತಿನಲ್ಲಿ ಸಲೀಸಾಗಿ ಬಳಕೆಯಾಗುತ್ತವೆ. ಆದರೆ ಇವುಗಳ ಮೂಲವನ್ನು ಅರಸಿದರೆ ಭಾವಕ್ಕಿಂತ ಮೊದಲು ನೀರು, ಸಿಡಿಲು, ಪೆಟ್ಟು ಎದುರಾಗುತ್ತವೆ. ಹೊರಗಿನ ಅನಾಹುತವನ್ನು ಹೆಸರಿಸಿದ ಪದ ಕಾಲಕ್ರಮದಲ್ಲಿ ಒಳಗಿನ ಅನುಭವಕ್ಕೆ ಸಂದಿತು. ಬಳಕೆ ಹೆಚ್ಚಿದಂತೆ ಅದರ ತೀವ್ರತೆ ತಗ್ಗಿತು. ಈ ಚಲನೆಯನ್ನು ಗಮನಿಸದ ಓದುಗನು 17ನೆಯ ಶತಮಾನದ ಸಿಡಿಲನ್ನು ಇಂದಿನ ಅಚ್ಚರಿಯೆಂದು ಭಾವಿಸುವ ಅಪಾಯವಿದೆ.

‘ಓವರ್‌ವೆಲ್ಮ್’ ಪದವನ್ನೇ ನೋಡಬಹುದು. ಮಧ್ಯಕಾಲೀನ ಇಂಗ್ಲಿಷಿನಲ್ಲಿ ‘ವೆಲ್ಮ್’ ಎಂದರೆ ಮಗುಚು, ಬೋರಲು ಹಾಕು ಎಂದರ್ಥ. ಅದಕ್ಕೆ ‘ಓವರ್’ ಸೇರಿದ ರೂಪ 14ನೆಯ ಶತಮಾನದಲ್ಲಿ ಕಾಣಿಸಿಕೊಳ್ಳುತ್ತದೆ. ಮಗುಚುವ ಅರ್ಥದಿಂದ ನೀರಿನಲ್ಲಿ ಮುಳುಗಿಸುವ ಅರ್ಥವೂ, ಅದರಿಂದ ಮನಸ್ಸನ್ನು ಮುಳುಗಿಸುವ ಅರ್ಥವೂ ಬೆಳೆದವು. 1611ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲಿನಲ್ಲಿ ಈ ಎರಡು ಅರ್ಥಗಳೂ ಜೊತೆಗಿವೆ. 78ನೆಯ ಕೀರ್ತನೆಯಲ್ಲಿ ಸಮುದ್ರವು ಶತ್ರುಗಳನ್ನು ಮುಳುಗಿಸಿದುದನ್ನು ಹೇಳಲು ಬಂದ ಕ್ರಿಯಾಪದವೇ 61ನೆಯ ಕೀರ್ತನೆಯಲ್ಲಿ ಪ್ರಾರ್ಥಿಸುವವನ ಹೃದಯದ ಕುಸಿತಕ್ಕೂ ಬಂದಿದೆ. ಹೀಬ್ರೂ ಮೂಲದಲ್ಲಿ ಇವು ಬೇರೆ ಬೇರೆ ಧಾತುಗಳು: ಮೊದಲನೆಯದಕ್ಕೆ ಮುಚ್ಚುವ ಅರ್ಥ, ಎರಡನೆಯದಕ್ಕೆ ಸೊರಗಿ ಬಳಲುವ ಅರ್ಥ. ಭಾಷಾಂತರಕಾರರು ಎರಡಕ್ಕೂ ಒಂದೇ ಪದವನ್ನಿತ್ತುದರಿಂದ ವೈರಿಗಳನ್ನು ನುಂಗಿದ ಕಡಲೇ ಭಕ್ತನ ಎದೆಗೂ ನುಗ್ಗಿದಂತಾಯಿತು. ಮೂಲದಲ್ಲಿಲ್ಲದ ಒಂದು ರೂಪಕವು ಹೀಗೆ ಅನುವಾದದಲ್ಲಿ ಹುಟ್ಟಿತು.

ನೀರಿನಿಂದ ಬಂದ ಪದಗಳು ಇನ್ನೂ ಇವೆ. ‘ಇನಂಡೇಟ್’ ಪದದೊಳಗೆ ಅಲೆ ಎಂಬರ್ಥದ ಲ್ಯಾಟಿನ್ನಿನ ‘ಉಂದ’ ಇದೆ. ಜೌಗುನೆಲವನ್ನು ಸೂಚಿಸುವ ‘ಸ್ವಾಂಪ್’ ಕ್ರಿಯಾಪದವಾದಾಗ ದೋಣಿಯೊಳಗೆ ನೀರು ತುಂಬಿ ಮುಳುಗುವುದನ್ನು ಹೇಳಿತು. ಕೆಲಸದ ಹೊರೆಯಲ್ಲಿ ಮುಳುಗುವ ಅರ್ಥ ಅನಂತರದ್ದು. ‘ಸರೌಂಡ್’ ಪದದ ಕಥೆ ಇದಕ್ಕೆ ವಿಲೋಮವಾದುದು. ಅದು ಉಕ್ಕಿ ಹರಿ ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದು, ಮೊದಲಿಗೆ ನೆರೆಯನ್ನೇ ಹೇಳುತ್ತಿತ್ತು. ಗುಂಡಗಿನ ಎಂಬರ್ಥದ ‘ರೌಂಡ್’ ಪದದೊಡನೆ ಇದ್ದ ಧ್ವನಿಸಾಮ್ಯದಿಂದ ಅದಕ್ಕೆ ಸುತ್ತುವರಿ ಎಂಬರ್ಥ ನೆಲೆಗೊಂಡಿತು. ಇಂದು ಆ ಪದದಲ್ಲಿ ನೀರಿನ ಸುಳಿವೇ ಉಳಿದಿಲ್ಲ.

ಎರಡನೆಯ ಮೂಲ ಸಿಡಿಲು. ‘ಅಸ್ಟಾನಿಷ್’, ‘ಅಸ್ಟೌಂಡ್’, ‘ಸ್ಟನ್’ ಈ ಮೂರೂ ಹಳೆಯ ಫ್ರೆಂಚಿನ ಮೂಲಕ, ಗುಡುಗು ಎಂಬರ್ಥದ ಲ್ಯಾಟಿನ್ ಧಾತುವನ್ನು ಮುಟ್ಟುತ್ತವೆ. ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ (1667) ಕಾವ್ಯದ ಮೊದಲ ಸರ್ಗದಲ್ಲಿ ಸ್ವರ್ಗದಿಂದ ಉರುಳಿದ ದೂತರು ವಿಸ್ಮೃತಿಯ ಮಡುವಿನಲ್ಲಿ ಬಿದ್ದಿರುವ ಸ್ಥಿತಿಗೆ ಕವಿ ಬಳಸಿದ್ದು ‘ಅಸ್ಟಾನಿಷ್’ ಪದವನ್ನೇ. ಅವರು ಅಚ್ಚರಿಗೊಂಡವರಲ್ಲ, ದೇವರ ಸಿಡಿಲಿನ ಹೊಡೆತಕ್ಕೆ ಜಡವಾದವರು. ಈ ಎಡೆಯಲ್ಲಿ ‘ವಿಸ್ಮಯ’ ಎಂಬ ಅನುವಾದ ಕಾವ್ಯದ ಅರ್ಥವನ್ನೇ ಕೆಡಿಸುತ್ತದೆ. ಎಡ್ಮಂಡ್ ಬರ್ಕ್ 1757ರಲ್ಲಿ ಮೊದಲು ಪ್ರಕಟಿಸಿದ ಭವ್ಯ ಮತ್ತು ಸುಂದರಗಳ ಮೀಮಾಂಸೆಯಲ್ಲಿ ಭವ್ಯತೆಯ ಅತ್ಯುನ್ನತ ಪರಿಣಾಮವನ್ನು ಇದೇ ಪದದಿಂದ ಗುರುತಿಸಿದನು. ಮೆಚ್ಚುಗೆ, ಪೂಜ್ಯಭಾವ, ಗೌರವಗಳು ಅವನ ಲೆಕ್ಕದಲ್ಲಿ ಅದಕ್ಕಿಂತ ಕೆಳಗಿನವು. ಗ್ರೀಕ್, ಲ್ಯಾಟಿನ್, ಫ್ರೆಂಚ್ ಪದಗಳನ್ನು ಹೋಲಿಸಿ, ಭಯಕ್ಕೂ ಬೆರಗಿಗೂ ನಂಟಿರುವುದನ್ನು ಭಾಷೆಗಳೇ ಸಾಕ್ಷೀಕರಿಸುತ್ತವೆಂದು ಅವನು ವಾದಿಸಿದನು. ಬರ್ಕನ ಸಿದ್ಧಾಂತ ನಿಂತಿರುವುದು ಪದದ ಹಳೆಯ ಗುಡುಗಿನ ಮೇಲೆ.

ಆ ಗುಡುಗು ಮುಂದೆ ಅಡಗಿತು. ‘ಆ’ ಎಂಬ ಪದ ಪ್ರಾಚೀನ ನಾರ್ಸ್ ಭಾಷೆಯಲ್ಲಿ ಭಯವನ್ನು ಸೂಚಿಸುತ್ತಿತ್ತು. ಅದರಿಂದಾದ ‘ಆಫುಲ್’ ದೈವಸನ್ನಿಧಿಯ ನಡುಕಕ್ಕೆ ಸಲ್ಲುತ್ತಿತ್ತು. 19ನೆಯ ಶತಮಾನದಲ್ಲಿ ಕೇವಲ ‘ಕೆಟ್ಟ’ ಎಂಬ ಅರ್ಥಕ್ಕೆ ಇಳಿಯಿತು. ಅದರ ಜೊತೆಯ ‘ಆಸಮ್’ 20ನೆಯ ಶತಮಾನದ ಕೊನೆಯಲ್ಲಿ ‘ಬಹಳ ಚೆನ್ನಾಗಿದೆ’ ಎಂಬ ಉದ್ಗಾರವಾಯಿತು. ಒಂದೇ ಭಯದ ಬೇರಿನಿಂದ ಹೊರಟ ಎರಡು ಪದಗಳು ನಿಂದೆಗೂ ಸ್ತುತಿಗೂ ಹಂಚಿಹೋದವು.

ಭಾರತೀಯ ಚಿಂತನೆಯ ಒಂದು ಪದ ಈ ಇಂಗ್ಲಿಷ್ ಪದಸಮೂಹವನ್ನು ನೇರವಾಗಿ ಸಂಧಿಸಿದ ಸಂದರ್ಭವೂ ಉಂಟು. ಆನಂದ ಕುಮಾರಸ್ವಾಮಿಯವರು 1943ರ ಲೇಖನವೊಂದರಲ್ಲಿ, ಪಾಲಿ ಗ್ರಂಥಗಳ ‘ಸಂವೇಗ’ ಪದಕ್ಕೆ ‘ಈಸ್ತೆಟಿಕ್ ಷಾಕ್’ ಎಂಬ ಅರ್ಥ ಕೊಟ್ಟರು. ‘ಷಾಕ್’ ಕೂಡ ಆದಿಯಲ್ಲಿ ಭಾವಪದವಲ್ಲ. 16ನೆಯ ಶತಮಾನದ ಇಂಗ್ಲಿಷಿನಲ್ಲಿ ಅದು ಸೈನ್ಯಗಳ ಘರ್ಷಣೆಯನ್ನು ಹೇಳುತ್ತಿತ್ತು. ‘ಸಂವೇಗ’ದ ಧಾತುವಿನಲ್ಲಿಯೂ ನಡುಗುವ, ಬೆಚ್ಚಿಬೀಳುವ ಅರ್ಥವಿದೆ. ಜೈನಶಾಸ್ತ್ರದಲ್ಲಿ ಇದು ಪಾರಿಭಾಷಿಕ ಪದ: ಸಂಸಾರದ ಸ್ವರೂಪವನ್ನು ಕಂಡು ಹುಟ್ಟುವ ಭೀತಿ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಜಗತ್ತಿನ ಮತ್ತು ಕಾಯದ ಸ್ವಭಾವಚಿಂತನೆಯ ಫಲವಾಗಿ ಸಂವೇಗ, ವೈರಾಗ್ಯಗಳನ್ನು ಜೊತೆಯಾಗಿ ಹೇಳುತ್ತದೆ. ಪಂಪನ ಆದಿಪುರಾಣದಲ್ಲಿ (941) ನೀಲಾಂಜನೆ ನರ್ತಿಸುತ್ತಿದ್ದಂತೆಯೇ ಮರೆಯಾದುದನ್ನು ಅರಿತ ವೃಷಭನಾಥನಲ್ಲಿ ಉಂಟಾದದ್ದು ಇಂತಹ ಕಂಪನವೇ.

ಇಲ್ಲಿ ಒಂದು ಭೇದ ಸ್ಪಷ್ಟವಾಗುತ್ತದೆ. ಕಡಲು ಮತ್ತು ಸಿಡಿಲಿನ ಪದಗಳಲ್ಲಿ ಮನುಷ್ಯನು ಮುಳುಗುತ್ತಾನೆ, ಜಡವಾಗುತ್ತಾನೆ. ಸಂವೇಗದಲ್ಲಿ ಬೆಚ್ಚಿ ಎದ್ದು ಹೊರಡುತ್ತಾನೆ. ಹೀಗಾಗಿ ‘ಷಾಕ್’ ಎಂಬ ಅನುವಾದ ಪೆಟ್ಟನ್ನು ಹಿಡಿಯುತ್ತದೆ, ಅದು ತೋರುವ ದಾರಿಯನ್ನು ಹಿಡಿಯುವುದಿಲ್ಲ. ಪದದ ಕಾವು ಆರುವುದು ಇಂಗ್ಲಿಷಿಗಷ್ಟೇ ಸೀಮಿತವೂ ಅಲ್ಲ. ಇಂದಿನ ಕನ್ನಡ ವಿದ್ಯಾರ್ಥಿಗೆ ‘ಸಂವೇಗ’ ಮೊದಲು ಪರಿಚಯವಾಗುವುದು ಭೌತಶಾಸ್ತ್ರದ ಪಾಠದಲ್ಲಿ, ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧವಾಗಿ. ಮಿಲ್ಟನ್ನನ ಪದಕ್ಕೆ ಬೇಕಾದ ಎಚ್ಚರವೇ ಪೂರ್ವಾಚಾರ್ಯರ ಪದಕ್ಕೂ ಬೇಕು.